ಘಟ್ಟದ ಕೆಳಗಿನ ಎರಡು ಬಂದರುಗಳು

ಬೆಳಗಾವಿಗೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವ ನೀರೆಂದರೆ ಕೋಟೆ ಕೆರೆಯ ನೀರು. ಸಂಜೆಯ ಹೊತ್ತು ಅದರ ದಂಡೆಯ ಮೇಲೆ ಕುಳಿತವರಿಗೆ, ಈ ಊರು ಸಮುದ್ರಕ್ಕೂ ಸೇರಿದ್ದೆಂಬ ಭಾವನೆ ಸುಲಭವಾಗಿ ಬಾರದು. ಸಮುದ್ರಮಟ್ಟಕ್ಕಿಂತ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿ, ಕೆಂಪು ಮಣ್ಣಿನ ಮೇಲೆ, ಭತ್ತದ ಗದ್ದೆಗಳ ನಡುವೆ ಬೆಳೆದ ಊರು ಇದು. ಆದರೂ ನಾನಿರುವ ನೆಹರು ನಗರದಲ್ಲಿ ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬ ಹೊಸಬರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಅವರು ವೈದ್ಯಕೀಯ ಕಾಲೇಜಿಗೆ ದೂರದಿಂದ ಬಂದ ವಿದ್ಯಾರ್ಥಿಗಳಿರಬಹುದು, ವರ್ಗವಾಗಿ ಬಂದ ಅಧಿಕಾರಿಗಳಿರಬಹುದು. "ಸರ್, ಇಲ್ಲಿಂದ ಸಮುದ್ರ ಎಷ್ಟು ದೂರ?"

"ಯಾವ ಸಮುದ್ರ?" ಎಂದು ನಾನು ಕೇಳುತ್ತೇನೆ. ಅವರು ನಗುತ್ತಾರೆ. ಸಮುದ್ರ ಒಂದೇ ಅಲ್ಲವೇ ಎಂಬುದು ಅವರ ನಗುವಿನ ಅರ್ಥ. ಸಮುದ್ರ ಒಂದೇ ನಿಜ; ಆದರೆ ನಮ್ಮ ಸೀಮೆಗೆ ಅದರ ಬಾಗಿಲುಗಳು ಎರಡು. ಒಂದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ. ಇನ್ನೊಂದು ಗೋವಾದ ಮರ್ಮಗೋವಾ, ಅಂದರೆ ಸ್ಥಳೀಯರ ಬಾಯಲ್ಲಿ ಮುರಗಾಂವ. ಒಂದೇ ಕರಾವಳಿಯ ಮೇಲೆ ಅಕ್ಕಪಕ್ಕದಲ್ಲಿರುವ ಈ ಎರಡು ಬಂದರುಗಳನ್ನು ಹೊಸಬರಿಗೆ ಪರಿಚಯಿಸಬೇಕೆಂಬುದು ಇಂದಿನ ನನ್ನ ಮಾತಿನ ಉದ್ದೇಶ. ಕಡಲತೀರಗಳ ಸೊಬಗನ್ನು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ನಾನು ಹೇಳಹೊರಟಿರುವುದು ತೀರದ ಮಾತಲ್ಲ, ಬಂದರಿನ ಮಾತು. ಇವೆರಡರ ನಡುವಿನ ಅಂತರ ನನಗೇ ತಿಳಿಯಲು ಬಹಳ ಕಾಲ ಹಿಡಿಯಿತು.

ಮೊದಲು ನೀರಿನ ಸಂಬಂಧವನ್ನೇ ನೋಡೋಣ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ತಾಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡವಿಯೆಂಬ ಹೆಸರು ಪಡೆದು, ಪಣಜಿಯ ಬಳಿ ಅರಬೀ ಸಮುದ್ರವನ್ನು ಸೇರುತ್ತದೆ. ಒಂದೇ ಕಾಡಿನ ಮಳೆ ಎರಡು ಸಮುದ್ರಗಳ ಪಾಲು. ಖಾನಾಪುರಕ್ಕೆ ಹೊಂದಿಕೊಂಡ ಜೋಯಿಡಾ ತಾಲೂಕಿನಲ್ಲಿ ಹುಟ್ಟುವ ಕಾಳಿ ನದಿ ಕಾರವಾರದ ಮಗ್ಗುಲಲ್ಲಿ ಕಡಲಿಗೆ ಬೀಳುತ್ತದೆ. ಹೀಗೆ ಮನುಷ್ಯರು ರಸ್ತೆಯನ್ನಾಗಲಿ ರೈಲನ್ನಾಗಲಿ ಮಾಡುವುದಕ್ಕೆ ಎಷ್ಟೋ ಮೊದಲೇ, ನಮ್ಮ ಘಟ್ಟದ ಮೇಲಿನ ಮಳೆಗೂ ಆ ಅಳಿವೆಗಳಿಗೂ ನಂಟು ಬೆಳೆದಿತ್ತು.

ಮೊದಲ ಸಲ ಕಾರವಾರವನ್ನು ಕಂಡವರು, ಇದು ಸಮುದ್ರವೋ ಸರೋವರವೋ ಎಂದು ಒಂದು ಕ್ಷಣ ಅನುಮಾನಿಸುತ್ತಾರೆ. ದಕ್ಷಿಣಕ್ಕೆ ಬೈತಖೋಲದ ಗುಡ್ಡ ಕೈಚಾಚಿ ನೀರನ್ನು ತಬ್ಬಿಕೊಂಡಿದೆ. ಉತ್ತರಕ್ಕೆ ಕಾಳಿಯ ಅಳಿವೆ, ಅದರಾಚೆ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡ. ಎದುರಿಗೆ ಕೂರ್ಮಗಡ, ದೇವಗಡ ಮೊದಲಾದ ನಡುಗಡ್ಡೆಗಳು ಕಾವಲಿಗೆ ನಿಂತಂತೆ ನಿಂತಿವೆ. ದೇವಗಡದ ಮೇಲಿನ ದೀಪಸ್ತಂಭ 1864ರದು. ಬೆನ್ನ ಹಿಂದೆ ಕೂಗಳತೆಯಲ್ಲೇ ಸಹ್ಯಾದ್ರಿಯ ಹಸಿರು ಗೋಡೆ. ಇಂಥ ಸುರಕ್ಷಿತ ಕೊಲ್ಲಿಯೊಳಗೆ ಬರುವ ತೆರೆಗಳು ತಮ್ಮ ಅಬ್ಬರವನ್ನು ಹೊರಗೇ ಬಿಟ್ಟು ಬರುತ್ತವೆ. ಸಹಜ ಬಂದರು ಎಂದು ಪುಸ್ತಕಗಳಲ್ಲಿ ಓದುತ್ತೇವಷ್ಟೆ. ಆ ಮಾತಿನ ಅರ್ಥವನ್ನು ಕಣ್ಣಾರೆ ತಿಳಿಯಬೇಕಾದರೆ ಬೈತಖೋಲದ ಗುಡ್ಡದ ಮೇಲೆ ನಿಲ್ಲಬೇಕು.

ಈ ಕೊಲ್ಲಿಯ ಚೆಲುವಿಗೆ ಮಾರುಹೋದ ಹೊಸಬರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ತರುಣ ಕವಿ ಅಣ್ಣನ ಮನೆಗೆ ಬಂದು ತಂಗಿದರು. ಬೆಳದಿಂಗಳಿನಲ್ಲಿ ದೋಣಿಯೇರಿ ಕಾಳಿಯಲ್ಲಿ ವಿಹರಿಸಿದ್ದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಅವರು ಬರೆದದ್ದು ಈ ಊರಿನಲ್ಲಿಯೇ. ಊರಿನ ಮರಳ ತೀರಕ್ಕೆ ಇಂದು ಅವರ ಹೆಸರೇ ಇದೆ.

ನಾನು ಅಲ್ಲಿಗೆ ಹೋದದ್ದು ಕವಿಯಾಗಿ ಅಲ್ಲ, ಹೊಟ್ಟೆಪಾಡಿನ ಅಧ್ಯಾಪಕನಾಗಿ. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿದ, ಬೈಲಹೊಂಗಲ ಸೀಮೆಯ ಕರಿನೆಲದ ಹುಡುಗ ನಾನು. ಜೋಳದ ಹೊಲವನ್ನು ಬಿಟ್ಟರೆ ಬೇರೆ ವಿಸ್ತಾರವನ್ನು ಕಂಡವನಲ್ಲ. 1985ರ ಮಳೆಗಾಲದಲ್ಲಿ ಕಾರವಾರಕ್ಕೆ ಹೋಗಿ, ಕೋಡಿಬಾಗದಲ್ಲಿ ಒಂದು ಕೋಣೆ ಹಿಡಿದೆ. ಮನೆಯ ಯಜಮಾನರು ಎಪ್ಪತ್ತು ದಾಟಿದ ವೃದ್ಧರು. ಹಿಂದೆ ಸರಕು ಸಾಗಿಸುವ ಮಚವೆಯಲ್ಲಿ ತಾಂಡೇಲರಾಗಿದ್ದವರು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಕೋಪ ಬಂದಾಗ ಮರಾಠಿ. ಪ್ರತಿ ಸಂಜೆ ನಾನು ತೀರಕ್ಕೆ ಹೋಗಿ ಸೂರ್ಯಾಸ್ತ ನೋಡಿ ಬಂದು, ಅದರ ವರ್ಣನೆಯನ್ನು ಅವರಿಗೆ ಒಪ್ಪಿಸುತ್ತಿದ್ದೆ. ಕೆಲವು ದಿನ ಸಹಿಸಿಕೊಂಡರು. ಒಂದು ದಿನ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತ ಹೇಳಿದರು: "ಮಾಸ್ತರರೇ, ನೀವು ಸಮುದ್ರ ನೋಡಿದಿರಿ, ಬಂದರು ನೋಡಲಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಏಳಿ."

ಮರುದಿನ ಕತ್ತಲಿರುವಾಗಲೇ ನನ್ನನ್ನು ಬೈತಖೋಲಕ್ಕೆ ಕರೆದೊಯ್ದರು. ಮಳೆಗಾಲವಾದ್ದರಿಂದ ಬಂದರು ಬರಿದಾಗಿತ್ತು. ದೋಣಿಗಳನ್ನು ದಂಡೆಗೆಳೆದು, ತೆಂಗಿನ ಗರಿ ಹೊದಿಸಿದ್ದರು. ಬಲೆ ನೇಯುತ್ತಿದ್ದ ನಾಲ್ವರು ಕತ್ತೆತ್ತಿ ನಮ್ಮನ್ನು ನೋಡಿ ಮತ್ತೆ ಕೆಲಸಕ್ಕೆ ಬಾಗಿದರು. ನನಗೆ ನಿರಾಶೆಯಾಯಿತು. ಅಜ್ಜನವರು ಮಾತ್ರ ಬರಿದಾದ ಆ ನೀರಿನತ್ತ ಕೈ ತೋರಿಸುತ್ತ, ಇಲ್ಲಿ ಮುಂಬಯಿಯ ಆಗಬೋಟು ಲಂಗರು ಹಾಕುತ್ತಿತ್ತು, ಅಲ್ಲಿ ಮಂಗಳೂರು ಹಂಚು ಇಳಿಯುತ್ತಿತ್ತು, ಇಲ್ಲಿಂದ ಸಾಗವಾನಿ ತೊಲೆ ಏರುತ್ತಿತ್ತು ಎಂದು ಒಂದೊಂದನ್ನೇ ಹೆಸರು ಹಿಡಿದು ಹೇಳಿದರು. ಕಡೆಗೆ, "ನಿಮ್ಮ ಸೀಮೆಯ ಹತ್ತಿಯೂ ಇಲ್ಲಿಂದಲೇ ಹೋಗಬೇಕಿತ್ತು, ನಮ್ಮಪ್ಪ ಹೇಳುತ್ತಿದ್ದರು. ಹೋಗಲಿಲ್ಲ" ಎಂದರು. ಆ 'ಹೋಗಲಿಲ್ಲ' ಎಂಬ ಮಾತಿನ ಹಿಂದಿನ ಕಥೆಯನ್ನು ನಾನು ಆಮೇಲೆ ಗ್ಯಾಸೆಟಿಯರುಗಳಲ್ಲಿಯೂ ಇತಿಹಾಸದ ಪುಸ್ತಕಗಳಲ್ಲಿಯೂ ಹುಡುಕಿಕೊಂಡು ಓದಿದೆ.

ಕಾರವಾರಕ್ಕೆ ಪರದೇಶದ ವ್ಯಾಪಾರ ಹೊಸದಲ್ಲ. ಆ ಹೆಸರು ಮೂಲತಃ ಕಾಳಿಯ ದಂಡೆಯ ಮೇಲೆ ಸ್ವಲ್ಪ ಒಳನಾಡಿನಲ್ಲಿರುವ ಕಡವಾಡದ್ದು. ಇಂಗ್ಲಿಷ್ ವರ್ತಕರು 1638ರಲ್ಲಿಯೇ ಇಲ್ಲಿ ಕೋಠಿ ತೆರೆದಿದ್ದರು. ಕರಿಮೆಣಸು, ನವಿರಾದ ಬಟ್ಟೆ ಅವರನ್ನು ಸೆಳೆದಿದ್ದವು. ಆದರೆ ಈಗಿನ ಕಾರವಾರ ನಗರದ ಹುಟ್ಟಿಗೆ ಕಾರಣವಾದದ್ದು ನಮ್ಮ ಬಯಲುಸೀಮೆಯ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಆ ಹತ್ತಿಗೆ ಹತ್ತಿರದ ಬಂದರು ಕಾರವಾರ. ಆದರೆ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಕೆನರಾ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದು. 1862ರಲ್ಲಿ ಕೆನರಾ ಜಿಲ್ಲೆಯನ್ನು ಒಡೆದು ಅದರ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಿ, ಕಾರವಾರವನ್ನು ಜಿಲ್ಲೆಯ ಮುಖ್ಯಸ್ಥಳವನ್ನಾಗಿ ಮಾಡಿದ್ದಕ್ಕೆ ಇದೊಂದು ದೊಡ್ಡ ಕಾರಣ. ಘಟ್ಟದ ರಸ್ತೆಗಳಾದವು, ದೀಪಸ್ತಂಭವಾಯಿತು, ಕಚೇರಿಗಳೆದ್ದವು. ಇನ್ನೇನು, ಕಾರವಾರಕ್ಕೆ ರೈಲು ಬರುವುದೆಂದು ಎಲ್ಲರೂ ನಂಬಿದರು.

ರೈಲು ಬಂತು, ಆದರೆ ನೆರೆಯೂರಿಗೆ. 1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಬ್ರಿಟಿಷರೂ ಪೋರ್ತುಗೀಜರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾದ ಉಪ್ಪಿನ ಮೇಲಿನ ಹತೋಟಿ ಬ್ರಿಟಿಷರಿಗೆ. ಅದಕ್ಕೆ ಪ್ರತಿಯಾಗಿ ಮರ್ಮಗೋವಾದಿಂದ ಘಟ್ಟ ಹತ್ತಿ ಬ್ರಿಟಿಷ್ ಸೀಮೆಯನ್ನು ಕೂಡುವ ರೈಲುಮಾರ್ಗ. 1888ರ ವೇಳೆಗೆ ಆ ಮಾರ್ಗ ಕ್ಯಾಸಲ್‌ರಾಕಿನಲ್ಲಿ ಗಡಿಯನ್ನು ಮುಟ್ಟಿತು. ಈಚೆಯಿಂದ ಸದರ್ನ್ ಮರಾಠಾ ರೈಲ್ವೆ ಲೋಂಡಾ, ಖಾನಾಪುರ, ಬೆಳಗಾವಿಗಳನ್ನು ಅದರೊಡನೆ ಪೋಣಿಸಿತು. ಒಪ್ಪಂದ 1892ರಲ್ಲಿ ಮುಗಿದುಹೋಯಿತು, ಹಳಿಗಳು ಉಳಿದವು. ಬಯಲುಸೀಮೆಯ ಸರಕು ಅತ್ತ ತಿರುಗಿತು. ಕೊಲ್ಲಿಯ ನೀರು ಎಷ್ಟು ಶಾಂತವಾಗಿದ್ದರೇನು, ಬೆನ್ನ ಹಿಂದಿನ ನಾಡು ಕೈಬಿಟ್ಟ ಮೇಲೆ ಬಂದರು ಬರಿಯ ನೋಟವಾಗುತ್ತದೆ. ಆ ವೃದ್ಧರು ನನಗೆ ಆ ಬೆಳಿಗ್ಗೆ ತೋರಿಸಿದ್ದು ಇದನ್ನೇ. ಲಿಸ್ಬನ್ನಿನಲ್ಲಿ ಸಹಿ ಬೀಳುವಾಗ ಕಾರವಾರದವರನ್ನು ಯಾರೂ ಕೇಳಿರಲಿಲ್ಲ. ಹಳಿಗಳು ಯಾರ ಕಾಡಿನ ನಡುವೆ ಹಾಯ್ದವೋ ಆ ಜನರನ್ನೂ ಕೇಳಿರಲಿಲ್ಲ.

ಈಗ ನೆರೆಯ ಬಂದರಿಗೆ ಹೋಗೋಣ. ಹೊಸಬರಿಗೆ ನನ್ನ ಸಲಹೆಯೆಂದರೆ, ಮರ್ಮಗೋವಾಕ್ಕೆ ರೈಲಿನಲ್ಲಿಯೇ ಹೋಗಬೇಕು. ಲೋಂಡಾ ದಾಟಿ ಕ್ಯಾಸಲ್‌ರಾಕ್ ಬಂದೊಡನೆ ಗಾಡಿಯ ನಡೆ ಬದಲಾಗುತ್ತದೆ. 1961ರಲ್ಲಿ ಗೋವಾ ಬಿಡುಗಡೆಯಾಗುವವರೆಗೆ ಈ ಪುಟ್ಟ ನಿಲ್ದಾಣ ಎರಡು ಸಾಮ್ರಾಜ್ಯಗಳ ಗಡಿಯಾಗಿತ್ತು. ಸುಂಕದ ಕಟ್ಟೆ ಇತ್ತು. ಇಲ್ಲಿಂದ ಕುಳೆಯವರೆಗಿನ ಇಳಿಜಾರಿನಲ್ಲಿ, ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗಿಳಿಯುವ ಕಡಿದಾದ ಹಾದಿಯುಂಟು. ಸುರಂಗದ ಕತ್ತಲೆ, ಕಾಡಿನ ಬೆಳಕು, ಮತ್ತೆ ಕತ್ತಲೆ. ನಡುವೆ ದೂಧಸಾಗರದ ಜಲಪಾತ. ಹೊಸಬರು ಕಿಟಕಿಯಿಂದ ಜಲಪಾತದ ಚಿತ್ರ ತೆಗೆಯುವುದರಲ್ಲಿ ಮುಳುಗಿರುತ್ತಾರೆ. ತೆಗೆಯಲಿ, ಬೇಡವೆನ್ನಲಾರೆ. ಆದರೆ ಎದುರಿನಿಂದ ಉಸಿರುಗಟ್ಟಿ ಹತ್ತಿ ಬರುವ ಸರಕು ಗಾಡಿಯನ್ನೂ ಒಮ್ಮೆ ನೋಡಬೇಕು. ಅದರಲ್ಲಿರುವ ಕಲ್ಲಿದ್ದಲು ಪರದೇಶಗಳಿಂದ ಹಡಗಿನಲ್ಲಿ ಬಂದು ಮರ್ಮಗೋವಾದಲ್ಲಿ ಇಳಿದದ್ದು. ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗೆ ಹೋಗುತ್ತಿರುವುದು.

ಮರ್ಮಗೋವಾ ಬಂದರು ಝುವಾರಿ ನದಿಯ ಅಳಿವೆಯ ದಕ್ಷಿಣ ತುದಿಯಲ್ಲಿದೆ. ಇಲ್ಲಿಯೂ ನೀರು ಸರೋವರದಂತೆ ಅಗಲ, ಒಳಕ್ಕೆ ಹೋದಂತೆ ಶಾಂತ. ಪೋರ್ತುಗೀಜರು 1624ರಲ್ಲಿ ಇಲ್ಲಿ ಕೋಟೆ ಕಟ್ಟಲಾರಂಭಿಸಿದರು. ಆ ಶತಮಾನದ ಕೊನೆಗೆ ಮರಾಠರ ಭಯದಿಂದ ರಾಜಧಾನಿಯನ್ನೇ ಇಲ್ಲಿಗೆ ತರಲು ಹವಣಿಸಿ ಕೈಬಿಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಬಂದರಿನಲ್ಲೊಂದು ವಿಚಿತ್ರ ಪ್ರಸಂಗ ನಡೆಯಿತು. ಪೋರ್ತುಗಲ್ ತಟಸ್ಥ ದೇಶವಾದ್ದರಿಂದ ಜರ್ಮನಿಯ ಕೆಲವು ಹಡಗುಗಳು ಇಲ್ಲಿ ಆಶ್ರಯ ಪಡೆದಿದ್ದವು. 1943ರ ಮಾರ್ಚ್ 9ರ ರಾತ್ರಿ, ಕಲ್ಕತ್ತೆಯಿಂದ ಬಂದ ನಡುವಯಸ್ಸಿನ ಬ್ರಿಟಿಷ್ ಸ್ವಯಂಸೇವಕರ ಒಂದು ಗುಂಪು ಎಹ್ರೆನ್‌ಫೆಲ್ಸ್ ಎಂಬ ಹಡಗಿನ ಮೇಲೆ ದಾಳಿ ಮಾಡಿತು. ಆ ಹಡಗು ಗುಪ್ತವಾಗಿ ರೇಡಿಯೋ ಸುದ್ದಿ ಕಳಿಸುತ್ತಿದೆಯೆಂಬುದು ಅವರ ಆರೋಪ. ಜರ್ಮನರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಸರೋವರದಂಥ ಆ ನೀರಿನ ಶಾಂತಿಯಲ್ಲಿ ಇಂಥವೂ ಅಡಗಿವೆ.

ಗೋವಾ ಭಾರತಕ್ಕೆ ಸೇರಿದ ಮೇಲೆ ಮರ್ಮಗೋವಾಕ್ಕೆ ಮಹಾ ಬಂದರಿನ ಸ್ಥಾನ ದೊರೆಯಿತು. ಕಬ್ಬಿಣದ ಅದಿರು ಹೊತ್ತ ಬಾರ್ಜುಗಳು ಮಾಂಡವಿ, ಝುವಾರಿಗಳಲ್ಲಿ ಸಾಲುಗಟ್ಟಿದವು. ಮಗ್ಗುಲಿನ ವಾಸ್ಕೋ ಪಟ್ಟಣ ಬೆಳೆಯಿತು. ಈ ಪಟ್ಟಣವನ್ನು ನಮ್ಮ ಕೇಳುಗರು ಪರದೇಶವೆಂದು ಭಾವಿಸಬಾರದು. ಬಂದರಿನ ಹೊರೆ ಹೊತ್ತವರಲ್ಲಿ, ಕಟ್ಟಡಗಳ ಕಲ್ಲು ಹೊತ್ತವರಲ್ಲಿ, ವಿಜಾಪುರ, ಬಾಗಲಕೋಟೆ, ಗದಗು, ಕೊಪ್ಪಳ ಸೀಮೆಗಳಿಂದ ಬರಗಾಲಕ್ಕೆ ಅಂಜಿ ಗುಳೆ ಹೋದ ನಮ್ಮ ಜನ ಬಹಳ. ವಾಸ್ಕೋದ ಬಾಯಣಾದಲ್ಲಿ, ಝುವಾರಿನಗರದಲ್ಲಿ ನಡೆದಾಡಿದರೆ ಜವಾರಿ ಕನ್ನಡ ಕಿವಿಗೆ ಬೀಳುತ್ತದೆ. 2004ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಬಾಯಣಾ ತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಅವರೂ ಇದ್ದರು. ಪ್ರವಾಸಿಯಾಗಿ ಹೋದವರನ್ನು ಊರು ನಗುತ್ತ ಬರಮಾಡಿಕೊಳ್ಳುತ್ತದೆ. ದುಡಿಯಲು ಹೋದವರು ಮೂರು ತಲೆಮಾರು ಕಳೆದರೂ ಹೊಸಬರಾಗಿಯೇ ಉಳಿಯುತ್ತಾರೆ.

ಹಾಗಾದರೆ ರೈಲು ಪಡೆದ ಊರು ಸುಖವಾಗಿದೆಯೇ? ಅದೂ ಸಂಪೂರ್ಣ ನಿಜವಲ್ಲ. ಕಲ್ಲಿದ್ದಲ ಧೂಳು ಮನೆಯೊಳಗೆ ಕೂರುತ್ತದೆಂದು ವಾಸ್ಕೋದ ನಾಗರಿಕರು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಹೊಸಪೇಟೆಯಿಂದ ವಾಸ್ಕೋವರೆಗೆ ರೈಲುಮಾರ್ಗವನ್ನು ಜೋಡಿಹಳಿ ಮಾಡುವ ಕೆಲಸಕ್ಕೆ ಗೋವಾದಲ್ಲಿ ತೀವ್ರ ವಿರೋಧ ಬಂತು. 2020ರ ನವೆಂಬರ್ ತಿಂಗಳ ಒಂದು ರಾತ್ರಿ ಚಾಂದೋರದಲ್ಲಿ ಸಾವಿರಾರು ಜನ ಹಳಿಯ ಮೇಲೆಯೇ ಕುಳಿತರು. ಒಂದು ಊರು ಹಳಿ ಬಾರಲಿಲ್ಲವೆಂದು ನೂರೈವತ್ತು ವರ್ಷ ಕೊರಗಿದೆ. ಇನ್ನೊಂದು ಊರಿನ ಜನ ಹಳಿ ಬೇಡವೆಂದು ರಾತ್ರಿಯೆಲ್ಲ ಎಚ್ಚರವಿದ್ದಾರೆ. ಇದರಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ಘಟ್ಟದ ಮೇಲೆ ಕುಳಿತು ತೀರ್ಪು ಕೊಡುವುದು ಸುಲಭ. ನಾನು ಆ ಸಾಹಸ ಮಾಡಲಾರೆ.

ಚಾಂದೋರದ ಹೆಸರು ಬಂದದ್ದರಿಂದ ಒಂದು ಹಳೆಯ ನೆನಪನ್ನು ಹೇಳಿಬಿಡುತ್ತೇನೆ. ಈ ಚಾಂದೋರವೇ ಶಾಸನಗಳ ಚಂದ್ರಪುರ. ಗೋವೆಯ ಕದಂಬರ ಮೊದಲ ರಾಜಧಾನಿ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಜಯಕೇಶಿಯ ಕಾಲಕ್ಕೆ ರಾಜಧಾನಿ ಝುವಾರಿಯ ದಂಡೆಯ ಗೋಪಕಪಟ್ಟಣಕ್ಕೆ ಬಂತು. ಅದು ಅಂದಿನ ದೊಡ್ಡ ಬಂದರು. ಅದೇ ಅರಸರಿಗೆ ಘಟ್ಟದ ಮೇಲೆ ಇನ್ನೊಂದು ರಾಜಧಾನಿಯಿತ್ತು. ಅದು ನಮ್ಮ ಖಾನಾಪುರ ತಾಲೂಕಿನ ಹಲಸಿ. ಹಲಸಿಯ ಭೂವರಾಹ ನರಸಿಂಹನ ಗುಡಿಯ ಮುಂದೆ ನಿಂತಾಗಲೆಲ್ಲ ನನಗೆ ಅನ್ನಿಸುತ್ತದೆ: ಹನ್ನೆರಡನೆಯ ಶತಮಾನದಲ್ಲಿ ಈ ಗುಡಿಗೆ ದತ್ತಿ ಬಿಟ್ಟ ಅರಸನಿಗೆ ಬಂದರೂ ಬಯಲೂ ಒಂದೇ ಮನೆಯ ಎರಡು ಕೋಣೆಗಳಾಗಿದ್ದವು. ಇಂದು ಆ ಮನೆಯ ನಡುವೆ ರಾಜ್ಯದ ಗಡಿ ಬಂದಿದೆ. ಮಹಾದಾಯಿಯ ನೀರಿಗಾಗಿ ನ್ಯಾಯಮಂಡಳಿಯ ಮುಂದೆ ವಾದ ನಡೆದಿದೆ. ಕದಂಬ ಎಂಬ ಹೆಸರು ಮಾತ್ರ ಎರಡೂ ಕಡೆ ಉಳಿದುಕೊಂಡಿದೆ. ಗೋವಾ ಸರಕಾರದ ಬಸ್ಸುಗಳ ಮೇಲೆ ಆ ಹೆಸರಿದೆ. ಕಾರವಾರದ ನೌಕಾನೆಲೆಗೂ ಅದೇ ಹೆಸರು.

ನೌಕಾನೆಲೆಯ ಮಾತು ಬಂದಾಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಾರವಾರದ ದಕ್ಷಿಣದ ತೀರದಲ್ಲಿ ನೌಕಾನೆಲೆಗೆ 1986ರಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲಿಟ್ಟರು. ಕೆಲಸ ಬಹಳ ವರ್ಷ ನಡೆದು, 2005ರಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಸಮರ್ಪಿತವಾಯಿತು. ನಡುವಿನ ವರ್ಷಗಳಲ್ಲಿ ಸಾವಿರಾರು ಕುಟುಂಬಗಳು ತಮ್ಮ ಮನೆ, ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ಮರಳ ದಂಡೆ ಎಲ್ಲವನ್ನೂ ಬಿಟ್ಟು ಎದ್ದವು. ಆ ಕಾಲದಲ್ಲಿ ಒಂದು ದಿನ ನಾನು ತರಗತಿಯಲ್ಲಿ 'ನಮ್ಮ ಊರು' ಎಂಬ ಪ್ರಬಂಧ ಬರೆಯಲು ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, 'ಇದೆ' ಎಂದು ಬರೆಯಬೇಕೋ, 'ಇತ್ತು' ಎಂದು ಬರೆಯಬೇಕೋ?"

ವ್ಯಾಕರಣದ ಪಾಠವನ್ನು ಅಣಕಿಸುತ್ತಿದ್ದಾನೆಂದು ನಾನು ಭಾವಿಸಿದೆ. ಎಲ್ಲರ ಮುಂದೆ ಗದರಿಸಿ ಕೂರಿಸಿದೆ. ಅವನು ಮರುಮಾತಾಡದೆ ಕುಳಿತ. ಸಂಜೆ ಮನೆಯ ಯಜಮಾನರಿಗೆ ಹೇಳಿದಾಗ ಅವರು ಅವನ ಊರಿನ ಹೆಸರು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಊರು ಈ ವಾರ ಖಾಲಿಯಾಗುತ್ತಿದೆ, ಮಾಸ್ತರರೇ" ಎಂದರು. ಮರುದಿನ ಹುಡುಗ ತರಗತಿಗೆ ಬರಲಿಲ್ಲ. ಒಂದು ವಾರದ ಮೇಲೆ ಬಂದಾಗ ಅವನನ್ನು ಹೊರಗೆ ಕರೆದು, ನನ್ನಿಂದ ತಪ್ಪಾಯಿತೆಂದು ಹೇಳಿದೆ. "ಪರವಾಗಿಲ್ಲ ಸರ್" ಎಂದ. ಪ್ರಬಂಧವನ್ನು ಮಾತ್ರ ಅವನು ಕೊಡಲಿಲ್ಲ, ನಾನೂ ಕೇಳಲಿಲ್ಲ. ದೇಶದ ರಕ್ಷಣೆಗೆ ನೌಕಾನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ 'ಇದೆ' ಎಂಬುದನ್ನು 'ಇತ್ತು' ಎಂದು ತಿದ್ದಿಕೊಂಡವರ ಲೆಕ್ಕವೂ ನಮಗೆ ತಿಳಿದಿರಬೇಕು.

ಆ ನೌಕಾನೆಲೆಯ ಪಕ್ಕದಲ್ಲಿಯೇ ಅಂಜದೀವ ಎಂಬ ದ್ವೀಪವಿದೆ. ಇಂದು ಅಲೆತಡೆಗೋಡೆಯೊಂದು ಅದನ್ನು ನೆಲಕ್ಕೆ ಸೇರಿಸಿದೆ. 1662ರಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನಿಕರಿಗೆ ಅಲ್ಲಿಯ ಪೋರ್ತುಗೀಜರು ಊರನ್ನು ಬಿಟ್ಟುಕೊಡದಿದ್ದಾಗ, ಅವರು ಈ ದ್ವೀಪದಲ್ಲಿ ಬೀಡುಬಿಟ್ಟರು. ಅನುಮತಿಗಾಗಿ ಕಾಯುತ್ತ ಕಾಯುತ್ತ ಅವರಲ್ಲಿ ಬಹುಪಾಲು ಜನರೂ, 1664ರಲ್ಲಿ ಅವರ ನಾಯಕ ಸರ್ ಅಬ್ರಹಾಂ ಶಿಪ್‌ಮನ್ನನೂ ಇಲ್ಲಿಯೇ ಸತ್ತರು. ದೂರದ ರಾಜಧಾನಿಯ ಕಾಗದಕ್ಕೆ ಕಾಯುವುದು ಈ ಕರಾವಳಿಗೆ ಹೊಸ ಅನುಭವವಲ್ಲವೆಂದು ತೋರುತ್ತದೆ.

ಕಾರವಾರಕ್ಕೆ ರೈಲು ಬರಲೇ ಇಲ್ಲವೆಂದು ಹೇಳಿದರೆ ತಪ್ಪಾದೀತು. ಬಂತು; 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ. ಆದರೆ ಅದು ಕರಾವಳಿಯ ಉದ್ದಕ್ಕೂ ಹೋಗುವ ರೈಲು. ಘಟ್ಟ ಹತ್ತಿ ಬಯಲಿಗೆ ಬರುವುದಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 164 ಕಿಲೋಮೀಟರಿನ ಮಾರ್ಗಕ್ಕೆ ವಾಜಪೇಯಿಯವರು ಪ್ರಧಾನಿಯಾಗಿದ್ದಾಗ ಅಡಿಗಲ್ಲು ಬಿದ್ದು ಕಾಲು ಶತಮಾನ ಕಳೆಯಿತು. ಬಯಲಿನ ಭಾಗದಲ್ಲಿ ಸ್ವಲ್ಪ ಕೆಲಸ ನಡೆದಿದೆ. ಮುಂದೆ ದಟ್ಟವಾದ ಕಾಡು. ಕಾಡನ್ನು ಉಳಿಸಬೇಕೋ ಹಳಿ ಹಾಕಬೇಕೋ ಎಂಬ ವಾದ. ಬಂದರನ್ನು ವಿಸ್ತರಿಸಲು 2020ರ ಜನವರಿಯಲ್ಲಿ ರವೀಂದ್ರನಾಥ ಠಾಕೂರ್ ತೀರದ ಕಡೆಗೆ ಅಲೆತಡೆಗೋಡೆ ಕಟ್ಟಹೊರಟಾಗ ಮೀನುಗಾರರು ಬೀದಿಗಿಳಿದರು. ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಬಲೆ ಎಳೆಯಲು ಉಳಿದಿರುವ ಕೊನೆಯ ದಂಡೆಯಿದು ಎಂಬುದು ಅವರ ವಾದ. ದಕ್ಷಿಣದ ದಂಡೆಗಳನ್ನು ಆಗಲೇ ಕಳೆದುಕೊಂಡವರ ಮಾತಿದು ಎಂಬುದನ್ನು ನೆನಪಿಟ್ಟರೆ, ಅದರ ತೂಕ ತಿಳಿಯುತ್ತದೆ.

ಭಾಷೆಯ ವಿಷಯದಲ್ಲಿಯೂ ಹೊಸಬರಿಗೆ ಒಂದು ಮಾತು. ಬೆಳಗಾವಿಯಂತೆ ಕಾರವಾರವೂ ಗಡಿಯ ಊರು. ಮಹಾರಾಷ್ಟ್ರ ತನ್ನದೆಂದು ಕೇಳಿದ ಪ್ರದೇಶಗಳಲ್ಲಿ ಎರಡೂ ಇದ್ದವು. ಕಾರವಾರದ ಮನೆಗಳಲ್ಲಿ ಕೊಂಕಣಿ, ಶಾಲೆ ಕಚೇರಿಗಳಲ್ಲಿ ಕನ್ನಡ. ನನ್ನ ಉತ್ತಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮನೆಮಾತು ಕನ್ನಡವಾಗಿರಲಿಲ್ಲ. ಪಂಪನನ್ನೂ ಕುಮಾರವ್ಯಾಸನನ್ನೂ ಅವರು ಓದಿದ ಪ್ರೀತಿಯನ್ನು ಕಂಡ ಮೇಲೆ, ಭಾಷೆಯ ಅಭಿಮಾನವೆಂದರೆ ಇನ್ನೊಬ್ಬರ ಭಾಷೆಯೊಡನೆ ಜಗಳವೆಂಬ ನನ್ನ ಎಳೆತನದ ಭ್ರಮೆ ಹರಿಯಿತು. ಬೆಳಗಾವಿಗೆ ವರ್ಗವಾಗಿ ಬಂದ ಮೇಲೆ ಆ ಪಾಠ ನನಗೆ ಬಹಳ ಉಪಯೋಗಕ್ಕೆ ಬಂತು.

ಈಗ ಹೊರಡುವವರಿಗೆ ಕೆಲವು ಸೂಚನೆಗಳು. ಕಾರವಾರಕ್ಕೆ ಖಾನಾಪುರ, ರಾಮನಗರ, ಜೋಯಿಡಾ, ಅಣಶಿ, ಕದ್ರಾಗಳ ಮೂಲಕ ಹೋಗುವ ದಾರಿ ಚೆಂದ. ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿಯುವ ಘಟ್ಟವದು, ವಿಚಾರಿಸಿಯೇ ಹೊರಡಬೇಕು. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ನೂಲಹುಣ್ಣಿಮೆಯ ಸುಮಾರಿಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ಸಂಪ್ರದಾಯವುಂಟು; ಬಂದರನ್ನು ನೋಡಬೇಕೆನ್ನುವವರು ಆ ಬಳಿಕ, ಬೆಳಗಿನ ಜಾವ, ಬೈತಖೋಲಕ್ಕೆ ಹೋಗಬೇಕು. ದ್ವೀಪಗಳಿಗೆ ದೋಣಿಯಲ್ಲಿ ಹೋಗುವವರು ಆತುರಪಡಬಾರದು. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹನ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಮಂದಿ ತೀರಿಕೊಂಡರು. ಸರೋವರದಂತೆ ಕಂಡರೂ ಅದು ಸಮುದ್ರ.

ಕಳೆದ ಸಲ ನಾನು ಕಾರವಾರಕ್ಕೆ ಹೋದದ್ದು 2024ರ ಮಳೆಗಾಲ ಮುಗಿದ ಮೇಲೆ. ಆ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದುಬಿದ್ದಿತ್ತು. ಅದರೊಡನೆ ನದಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದ್ದರು. ನಾನು ಆ ಊರಿಗೆ ಹೊಸಬನಾಗಿ ಹೋದಾಗ ಆ ಸೇತುವೆಯೂ ಹೊಸದಾಗಿಯೇ ಇತ್ತು. ಅದಿಲ್ಲದ ಕಾಲದಲ್ಲಿ ಸದಾಶಿವಗಡಕ್ಕೆ ದೋಣಿ ಹಾಯಿಸುತ್ತಿದ್ದ ದಿನಗಳನ್ನು ನಮ್ಮ ಯಜಮಾನರು ಬಣ್ಣಿಸುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಮುರಿದ ಕಂಬಗಳ ಪಕ್ಕದ ಹೊಸ ಸೇತುವೆಯ ಮೇಲೆ ವಾಹನಗಳು ಓಡುತ್ತಿದ್ದವು. ಕೆಳಗೆ ಚಿಕ್ಕದೊಂದು ದೋಣಿಯಲ್ಲಿ ತಂದೆ ಮಗ ಇಬ್ಬರು ಬಲೆ ಬಿಡುತ್ತಿದ್ದರು. ಪ್ರವಾಸಿಯೊಬ್ಬರು ಬಾಗಿ ಅವರ ಚಿತ್ರ ತೆಗೆದುಕೊಂಡು, ನನ್ನ ಕಡೆ ತಿರುಗಿ, "ಎಷ್ಟು ಶಾಂತವಾಗಿದೆ ಅಲ್ಲವೇ, ಕೆರೆಯ ಹಾಗೆ!" ಎಂದರು.

"ನಾಳೆ ಬೆಳಿಗ್ಗೆ ಐದಕ್ಕೆ ಏಳುತ್ತೀರಾ?" ಎಂದು ನಾನು ಕೇಳಿದೆ.

ಅವರು ಬಂದರು. ಬೈತಖೋಲದ ದಕ್ಕೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರ ನಡುವೆ ನಿಂತು, ಎರಡು ಗಂಟೆ ಹೊತ್ತು ನೋಡಿದರು, ಕೇಳಿದರು. ಬಂದರಿನ ಬಗ್ಗೆ ದೂರದ ಊರುಗಳಲ್ಲಿ ಯಾರು ಏನನ್ನು ತೀರ್ಮಾನಿಸಲಿ, ಮೊದಲು ಹೀಗೊಮ್ಮೆ ನಿಂತು ಕೇಳಿದರೆ ಸಾಕೆಂದು ನನಗನ್ನಿಸುತ್ತದೆ. ನಮ್ಮ ಬೆಳಗಾವಿಯ ಹೊಸಬರಿಗೂ ನಾನು ಹೇಳುವುದು ಇಷ್ಟೆ. ಸಮುದ್ರ ಎಷ್ಟು ದೂರ ಎಂದು ಕೇಳಿ ಹೊರಡಿ. ಬಂದರು ಯಾರದು ಎಂದು ಕೇಳಿಕೊಂಡು ಹಿಂತಿರುಗಿ.

(ಬಾನುಲಿ ಭಾಷಣ)